ಖಾಲಿ ಬಿಟ್ಟ ಮಗ್ಗಲು

ಅವರ ದನಿ ಚೆನ್ನಾಗಿರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಮಾತಿನಿಂದ ಹೆಸರು ಮಾಡಿದವರು ಎಂದ ಕೂಡಲೇ ಓದುವವರು ಮನಸ್ಸಿನಲ್ಲಿ ಯಾವುದೋ ಗಂಭೀರ ಕಂಠವನ್ನು ಕೇಳಿಸಿಕೊಂಡುಬಿಡುತ್ತಾರೆ. ಜೇವರ್ಗಿಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಇಡೀ ನೌಕರಿ ಕಳೆದವರು ಅವರು. ಮೈಕು ಸರಿಯಿದ್ದ ದಿನಕ್ಕಿಂತ ಕೆಟ್ಟ ದಿನವೇ ಹೆಚ್ಚಾಗಿದ್ದ ಕಾಲ. ಅಫಜಲಪುರ, ಆಳಂದ, ಶಹಾಪುರ, ಸಿಂದಗಿ ಎಂದು ಬಾಯಿಂದಲೇ ಕೂಗಿ ಕೂಗಿ ಗಂಟಲು ಹರಿದುಹೋಗಿತ್ತು. ಫರಸಿ ಕಲ್ಲಿನ ಮೇಲೆ ತಗಡು ಎಳೆದ ಹಾಗಿತ್ತು ಆ ದನಿ. ಆದರೂ ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಗುರುವಾರ ಬಂತೆಂದರೆ ನಮ್ಮ ಮೂರು ತಾಲೂಕಿನ ಚಹಾದ ಹೋಟೆಲುಗಳಲ್ಲಿ ಜನ ಸಿನಿಮಾ ಹಾಡು ನಿಲ್ಲಿಸಿ ಆ ತಗಡಿನ ದನಿಯನ್ನೇ ಹಚ್ಚಿಸಿಕೊಂಡು ಕೇಳುತ್ತಿದ್ದರು.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಇಲ್ಲಿಯೂ ಅಷ್ಟೇ ಸಾಕು.

ಅವರ ನೆನಪು ಈಗ ಬಂದದ್ದಕ್ಕೆ ಕಾರಣ ನನ್ನ ತಂಗಿಯ ಮಗಳು. ಆಳಂದದಲ್ಲಿ ಕಾಲೇಜಿನ ಹುಡುಗಿಯರಿಗೆ ಪಾಠ ಹೇಳುವ ಆಕೆ ಈಚೆಗೆ ಪಾಡ್‌ಕಾಸ್ಟ್ ಶುರು ಮಾಡಿದ್ದಾಳೆ. “ಮಾಮಾ, ಈಗ ಓಣಿಗೊಂದು ಪಾಡ್‌ಕಾಸ್ಟ್ ಆಗ್ಯಾವ. ದೊಡ್ಡ ದೊಡ್ಡ ಕಂಪನಿಯವರ ನಡುವ ನಮ್ಮದು ಯಾರ ಕಿವಿಗಿ ಬೀಳತದ? ಚಲೋ ಮೈಕ್ ತಗೋಬೇಕೇನು, ಮ್ಯೂಸಿಕ್ ಹಾಕಸಬೇಕೇನು?” ಎಂದು ಕೇಳಿದಳು. ಸಲಹೆ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವ ಚಾಳಿ ನನಗಿಲ್ಲ, ಕೇಳದವರಿಗೂ ಕೊಡುತ್ತೇನೆ. ಆದರೆ ಆಕೆಗೆ ಕೊಡಬೇಕಾದ ಸಲಹೆ ನನ್ನದಾಗಿರಲಿಲ್ಲ, ಕಾಕಾರದಾಗಿತ್ತು. ಫೋನಿನಲ್ಲಿ ಹೇಳಿ ಮುಗಿಯುವಂಥದ್ದೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಗ ಜೇವರ್ಗಿಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟು ಮೂರು ವರ್ಷವಾಗಿತ್ತು. ಜಿಡಗಾ ಹತ್ತಿರದ ನಮ್ಮ ಹಳ್ಳಿಯಿಂದ ಬರುವಾಗ ನನ್ನ ಹತ್ತಿರ ಇದ್ದದ್ದು ಒಂದು ಸೋಲ್ಡರ್ ಕಡ್ಡಿ ಮತ್ತು ಚೌಕಾಸಿ ಮಾಡುವ ನಾಲಿಗೆ. ಅವೆರಡನ್ನೇ ನಂಬಿ ಅಂಗಡಿ ನಿಲ್ಲಿಸಿದ್ದೆ. ನಿವೃತ್ತಿಯಾದ ಮರುವಾರವೇ ಕಾಕಾ ನನ್ನಲ್ಲಿಗೆ ಬಂದರು. ಬೀಳ್ಕೊಡುವಾಗ ಡ್ರೈವರು, ಕಂಡಕ್ಟರುಗಳು ಕೂಡಿ ಕೊಟ್ಟ ಟೇಪ್ ರೆಕಾರ್ಡರು ಅವರ ಕಂಕುಳಲ್ಲಿತ್ತು.

“ಇದು ಬರೇ ಹಾಡತದೋ, ನಾವು ಅಂದಿದ್ದೂ ಕೇಳಸ್ಕೋತದೋ?”

“ಈ ಕೆಂಪು ಗುಂಡಿ ಒತ್ತಿದ್ರ ಕೇಳಸ್ಕೋತದರಿ.”

“ಹಂಗಾರ ಹಾಡೋದು ಬಿಡು. ಕೇಳಸ್ಕೊಳ್ಳೋದು ತೋರಸು.”

ಹಾಗೆ ಶುರುವಾಯಿತು ನಮ್ಮ ಗುರುವಾರದ ಕ್ಯಾಸೆಟ್ಟು. ಈ ವಾರ ಯಾವ ಹಾದಿಯ ಬಸ್ಸು ಬರುವುದಿಲ್ಲ, ತೊಗರಿಯ ಧಾರಣಿ ಏನು, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾವ ಊರಿನ ಬಾವಿಗೆ ನೀರು ಬಂತು. ಕೊನೆಗೆ ಯಾರಾದರೂ ಒಬ್ಬ ಮನುಷ್ಯನ ಜೊತೆ ಹತ್ತು ನಿಮಿಷದ ಮಾತು. ಇಷ್ಟೇ. ಅದನ್ನು ಹನ್ನೊಂದು ಕ್ಯಾಸೆಟ್ಟುಗಳಿಗೆ ಇಳಿಸಿ ಹನ್ನೊಂದು ಹೋಟೆಲಿಗೆ ಕಳಿಸುತ್ತಿದ್ದೆವು. ಹಂಚುವ ಬುದ್ಧಿ ನನ್ನದು. ಹೋಟೆಲಿನವರ ಟೇಪ್ ರೆಕಾರ್ಡರು ಕೆಟ್ಟರೆ ಬಿಟ್ಟಿ ರಿಪೇರಿ; ಬದಲಿಗೆ ಗುರುವಾರ ಎರಡು ಹೊತ್ತು ನಮ್ಮ ಕ್ಯಾಸೆಟ್ಟು ಹಚ್ಚಬೇಕು. ಒಯ್ಯುವವರು ಕಾಕಾರ ಹಳೆಯ ಕಂಡಕ್ಟರುಗಳು. ತಂಗಿಯ ಮಗಳಿಗೆ ನನ್ನ ಪಾಲಿನ ಸಲಹೆ ಇದೊಂದೇ: ಮಾತು ಎಷ್ಟು ಚೆನ್ನಾಗಿದ್ದರೂ ಅದು ಕೇಳುವವನ ಬಾಗಿಲಿಗೆ ಯಾರ ಕೈಯಲ್ಲಿ ಹೋಗುತ್ತದೆ ಎಂಬುದನ್ನು ಮೊದಲು ಗೊತ್ತು ಮಾಡಿಕೊ. ಮಿಕ್ಕಿದ್ದೆಲ್ಲ ಕಾಕಾರಿಂದ ಕಲಿ.

ಕಾಕಾ ಮೊದಲಿಗೆ ನಮಸ್ಕಾರ, ಪ್ರಿಯ ಕೇಳುಗರೇ ಎಂದೆಲ್ಲ ಎನ್ನುತ್ತಿರಲಿಲ್ಲ. ಯಾರಾದರೂ ಒಬ್ಬರನ್ನು ಹಿಡಿದು ಮಾತು ಶುರುಮಾಡುತ್ತಿದ್ದರು. ಒಂದು ಸಲ ಹೀಗಿತ್ತು: “ಕ್ರಾಸಿನ ಹೋಟೆಲಿನ ಅಕ್ಕಾ, ಮೊದಲ ಹಾಲಿನ ಬುಡಕಿನ ಉರಿ ಸಣ್ಣ ಮಾಡ್ರಿ, ಆಮ್ಯಾಲ ನನ್ನ ಮಾತು ಕೇಳ್ರಿ.” ಆ ಹೊತ್ತಿಗೆ ಸರಿಯಾಗಿ ಅಲ್ಲಿ ಹಾಲು ಉಕ್ಕುತ್ತಿತ್ತಂತೆ. “ಅಯ್ಯ ಯವ್ವಾ, ಡಬ್ಬ್ಯಾಗ ಕುಂತು ನೋಡಾಕತ್ತಾನೇನು ಇಂವ!” ಎಂದು ಆಕೆ ಸೆರಗು ಹೊದ್ದುಕೊಂಡಳೆಂದು ಕಂಡಕ್ಟರು ಬಂದು ಹೇಳಿದ. ಇದರಲ್ಲಿ ಮಂತ್ರವಿರಲಿಲ್ಲ. ಮೊದಲ ಬಸ್ಸು ಬಂದು ನಿಲ್ಲುವ ಹೊತ್ತು, ಹಾಲು ಒಲೆಗೇರುವ ಹೊತ್ತು ಎರಡೂ ಅವರಿಗೆ ಗೊತ್ತಿತ್ತು. ಆದರೆ ಆ ವಾರದಿಂದ ಹನ್ನೊಂದು ಹೋಟೆಲಿನವರೂ, ಇವತ್ತು ನಮ್ಮನ್ನೇ ಮಾತಾಡಿಸುತ್ತಾರೇನೋ ಎಂದು ಕ್ಯಾಸೆಟ್ಟಿನ ಹಾದಿ ನೋಡತೊಡಗಿದರು.

ಹೊರಗಿನ ಗದ್ದಲ ಬರಬಾರದೆಂದು ನಾನು ಅಂಗಡಿಯ ಒಳಕೋಣೆಗೆ ನಾಲ್ಕು ಕೌದಿ ಇಳಿಬಿಟ್ಟಿದ್ದೆ. ಕಾಕಾ ಎಲ್ಲವನ್ನೂ ತೆಗೆಸಿದರು. “ಬಸ್ಸಿನ ಸಪ್ಪಳ ಬರ್ಲಿ ಬಿಡೋ. ಜೇವರ್ಗ್ಯಾಗ ಕುಂತು ಮಾತಾಡಾಕತ್ತಾನಂತ ಗೊತ್ತಾಗಬೇಕಲ್ಲ. ಕೌದ್ಯಾಗ ಮುಚ್ಕೊಂಡ್ರ ಜಡ್ಡು ಬಿದ್ದವ ಅಂತ ತಿಳ್ಕೋತಾರ.” ಹೇಳುವುದು ಮುಗಿದರೆ ನಿಲ್ಲಿಸಿಬಿಡುತ್ತಿದ್ದರು. ಒಂದು ವಾರ ಹನ್ನೊಂದೇ ನಿಮಿಷಕ್ಕೆ “ಈ ವಾರ ಇಷ್ಟೇ ಅದ. ನಿಮ್ಮ ನಿಮ್ಮ ಕೆಲಸಕ್ಕ ಹೋಗ್ರಿ” ಎಂದು ಎದ್ದರು. ಕಡಿಮೆ ತೂಗಿದ ಅಂಗಡಿಯವನಂತೆ ನನಗೆ ಮುಖ ತೋರಿಸಲು ನಾಚಿಕೆಯಾಯಿತು. ಹೋಟೆಲಿನವರು ಮಾತ್ರ, “ಮಂದಿ ಅದನ್ನ ಮೂರು ಸಲ ಹಚ್ಚಿಸ್ಕೊಂಡು ಕೇಳ್ಯಾರ್ರಿ” ಎಂದರು.

ಇವೆಲ್ಲಕ್ಕಿಂತ ದೊಡ್ಡದು ಅವರ ಖಾಲಿ ಮಗ್ಗಲು. ಕ್ಯಾಸೆಟ್ಟಿನ ಒಂದು ಮಗ್ಗಲಿಗೆ ಮಾತ್ರ ಮಾತು ತುಂಬಿ ಇನ್ನೊಂದನ್ನು ಹಾಗೆಯೇ ಬಿಡುತ್ತಿದ್ದರು. ಮಾತಿನ ಕೊನೆಗೆ ಒಂದು ಪ್ರಶ್ನೆ ಕೇಳುವರು. ಹೋಟೆಲಿಗೆ ಬಂದವರು ಕ್ಯಾಸೆಟ್ಟು ತಿರುವಿ ಹಾಕಿ, ಕೆಂಪು ಗುಂಡಿ ಒತ್ತಿ ಉತ್ತರ ಹೇಳಬೇಕು. ಮಂಗಳವಾರದೊಳಗೆ ಕ್ಯಾಸೆಟ್ಟು ತಿರುಗಿ ನಮ್ಮಲ್ಲಿಗೆ ಬರಬೇಕು. ಅರ್ಧ ಕ್ಯಾಸೆಟ್ಟನ್ನು ಬರಿದೇ ಬಿಡುವುದು ನನಗೆ ಸಂಕಟ. ಅಲ್ಲಿ ಹಾಡು ತುಂಬೋಣ, ಬೀಜದ ಅಂಗಡಿಯ ಜಾಹೀರಾತು ಹಾಕೋಣ ಎಂದು ಎಷ್ಟೋ ಸಲ ಹೇಳಿದೆ. “ನಿನ್ನ ಮನಿಗಿ ಬಂದವಗ ಕೂಡಾಕ ಜಾಗಾನೇ ಕೊಡಲಿಲ್ಲಂದ್ರ ಮತ್ಯಾಕ ಬರ್ತಾನೋ?” ಎಂದರು.

ತಿರುಗಿ ಬಂದ ಕ್ಯಾಸೆಟ್ಟು ಕೇಳುವ ಅವರ ಭಂಗಿ ನನ್ನ ಕಣ್ಣಲ್ಲಿ ಹಾಗೆಯೇ ಇದೆ. ಬೋರಲು ಹಾಕಿದ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತು, ಹೊತ್ತಿಸದ ಬೀಡಿ ಬೆರಳ ಸಂದಿಯಲ್ಲಿಟ್ಟುಕೊಂಡು ಕಣ್ಣು ಮುಚ್ಚುವರು. ಅರ್ಧ ತಾಸು ಬರೀ ಸರ್ ಎನ್ನುವ ಸದ್ದೇ ಬಂದರೂ ಕೊನೆಯ ತನಕ ಏಳುತ್ತಿರಲಿಲ್ಲ. “ಧೈರ್ಯ ಇದ್ದವರು ಗುಂಡಿ ಒತ್ತಿದ ಕೂಡ್ಲೆ ಮಾತಾಡ್ತಾರ. ಇಲ್ಲದವರು ಕೆಮ್ಮತಾರ, ಎದ್ದು ಹೋಗ್ತಾರ, ಮತ್ತ ಬರ್ತಾರ. ಅಂವ ತಿರುಗಿ ಬರೋತನಾ ನಾವು ಕುಂತಿರಬೇಕಲ್ಲ.” ಹೀಗೆ ಕೂತು ಕೇಳಿದ್ದರಿಂದಲೇ ಒಬ್ಬ ಮುದುಕಿಯ ಹಾಡು ಸಿಕ್ಕಿತು, ಕುರಿ ಕಾಯುವವನೊಬ್ಬ ನಕ್ಷತ್ರದ ಹೆಸರು ಹೇಳಿದ್ದು ಸಿಕ್ಕಿತು. ಮುಂದಿನ ಗುರುವಾರ ಅವೇ ನಮ್ಮ ಮಾತಾಗುತ್ತಿದ್ದವು.

ತೊಂಬತ್ತರ ದಶಕದ ನಡುವಿನಲ್ಲಿ ಕಾಕಾ ತೀರಿಕೊಂಡಾಗ, ಆ ವಾರ ನಾನು ಎರಡೂ ಮಗ್ಗಲು ಖಾಲಿ ಇರುವ ಕ್ಯಾಸೆಟ್ಟುಗಳನ್ನು ಹೋಟೆಲುಗಳಿಗೆ ಕಳಿಸಿದೆ. ಹನ್ನೊಂದೂ ತುಂಬಿ ಬಂದವು. ಎಲ್ಲವನ್ನೂ ಕೊನೆಯ ತನಕ ಕೂತು ಕೇಳಿದೆ. ಅಷ್ಟೊತ್ತಿಗೆ ನಾನು ಕೇಳುವುದನ್ನು ಕಲಿತಿದ್ದೆ. ಕಲಿಯುವ ಮೊದಲು ಮಾಡಿದ ತಪ್ಪನ್ನು ಈಗ ಹೇಳಬೇಕು.

ನಮ್ಮ ಕ್ಯಾಸೆಟ್ಟಿಗೆ ಎರಡನೆಯ ವರ್ಷ ನಡೆಯುವಾಗ ಗುಲಬರ್ಗಾದ ಕೆಲವರು ಅಂಥದ್ದೇ ಒಂದು ಕ್ಯಾಸೆಟ್ಟು ತೆಗೆದರು. ಅವರಲ್ಲಿ ಎಕೋ ಮಶೀನಿತ್ತು, ತಬಲಾ ಇತ್ತು, ಸಿನಿಮಾ ನಟರ ದನಿ ತೆಗೆದು ಜೋಕು ಹೇಳುವವನಿದ್ದ. ಅವರದೂ ಗುರುವಾರವೇ ಬರುತ್ತಿತ್ತು. ತಿಂಗಳೊಳಗೆ ನಮ್ಮ ಹನ್ನೊಂದರಲ್ಲಿ ನಾಲ್ಕು ಹೋಟೆಲು ಅತ್ತ ವಾಲಿದವು. ನಾನು ಕಾಕಾರ ಹಿಂದೆ ಬಿದ್ದೆ. “ನಾವೂ ಎಕೋ ಹಾಕೋಣ್ರಿ. ನಾನೇ ಮಶೀನ್ ಕಟ್ಟತೇನಿ.”

“ಬಾವ್ಯಾಗ ಬಿದ್ದವನಂಗ ಕೇಳಸ್ತದ. ಬ್ಯಾಡ.”

“ಮತ್ತ ಏನ್ ಮಾಡಬೇಕ್ರಿ? ಅವರು ನಕ್ಕು ನಗಸಾಕತ್ತಾರ.”

“ಅವರು ನಗಸ್ಲಿ. ನಾವು ಕೇಳಮು,” ಎಂದರು. ಆ ಗುರುವಾರದ ಮಾತಿನ ಕೊನೆಗೆ ಅವರು ಕೇಳಿದ ಪ್ರಶ್ನೆ ಇದು: “ಯಾರ ಜೋಡಿ ಮಾತಾಡಬೇಕಂತ ಮಾಡಿ, ಆಡದೇ ಬಿಟ್ಟೀರಿ? ಅವರಿಗಿ ಹೇಳೋದನ್ನ ಇಲ್ಲಿ ಹೇಳ್ರಿ. ನಾವು ಮುಟ್ಟಸ್ತೇವಿ.”

ಮಂಗಳವಾರ ಕ್ಯಾಸೆಟ್ಟುಗಳು ಬಂದವು. ಕಾಕಾ ಯಾವುದೋ ಸಾವಿಗೆ ಶಹಾಪುರಕ್ಕೆ ಹೋಗಿದ್ದರು. ಗುಲಬರ್ಗಾದವರು ಈ ಸಲ ಬುಧವಾರವೇ ತಲುಪಿಸುತ್ತಾರೆಂದು ಸುದ್ದಿ ಬಂದಿತ್ತು, ನನಗೆ ಅವಸರ. ಪ್ರತಿಯೊಂದನ್ನೂ ಐದೈದು ನಿಮಿಷ ಕೇಳಿದೆ. ಮಾತಿದ್ದದ್ದನ್ನು ಬೇರೆ ತೆಗೆದಿಟ್ಟೆ, ಬರೀ ಸದ್ದಿದ್ದದ್ದನ್ನು ಹೊಸ ವಾರಕ್ಕೆಂದು ಅಳಿಸಿಬಿಟ್ಟೆ. ಸೊನ್ನದ ಹಾದಿಯ ಹೋಟೆಲಿನಿಂದ ಬಂದದ್ದರಲ್ಲಿ ಚಹಾದ ಕಪ್ಪು ಬಸಿ ತೊಳೆಯುವ ಸದ್ದು, ಯಾರೋ ಬಾಗಿಲು ಹಾಕಿದ್ದು, ಒಂದು ಕೆಮ್ಮು. ಅದನ್ನೂ ಅಳಿಸಿದೆ.

ಬುಧವಾರ ಮುಂಜಾನೆ ಕಾಕಾ ಬಂದು ಪೆಟ್ಟಿಗೆಯ ಮೇಲೆ ಕೂತರು. ಹಿಂದೆಯೇ ನಮ್ಮ ಬಜಾರದ ಟೇಲರ್ ಬಂದ. ಐವತ್ತೈದರ ಮನುಷ್ಯ, ಎರಡು ತಿಂಗಳಲ್ಲಿ ಅರ್ಧ ಆಗಿದ್ದ. ಅಂಗಡಿಯ ಮೆಟ್ಟಿಲನ್ನು ಹೊಟ್ಟೆ ಹಿಡಿದುಕೊಂಡೇ ಹತ್ತಿದ.

“ಕಾಕಾ, ನಮ್ಮಣ್ಣ ನಿಮ್ಮ ಕ್ಯಾಸೆಟ್ನ್ಯಾಗ ಮಾತಾಡ್ಯಾನಂತಲ್ರಿ.”

“ಯಾವ ಅಣ್ಣ? ಸೊನ್ನದ ಕಡಿ ಇರ್ತಾನಲ್ಲ, ಆ ಮುತ್ಯಾನ?”

“ಹೌದ್ರಿ. ಎಂಟು ವರ್ಷ ಆಯ್ತು, ನನ್ನ ಜೋಡಿ ಮಾತಿಲ್ಲ ಕತಿಯಿಲ್ಲ. ನನ್ನ ಹೆಸರು ಬಾಯಾಗ ತರಾಂಗಿಲ್ಲ. ಕಂಡಕ್ಟರ್ ಅಂದಾ, ನಿಮ್ಮಣ್ಣ ಹೋಟೆಲಿನ ಬಾಗಲಾ ಹಾಕ್ಕೊಂಡು ಡಬ್ಬಿ ಮುಂದ ಕುಂತಿದ್ದಾ ಅಂತ.” ಅವನು ಉಸಿರು ತೆಗೆದುಕೊಂಡ. “ಸೋಮವಾರ ಸೊಲ್ಲಾಪುರದಾಗ ನಂದು ಹೊಟ್ಟಿ ಆಪರೇಶನ್ ಅದ್ರಿ. ಡಾಕ್ಟರ್ ಏನೂ ಬಿಚ್ಚಿ ಹೇಳವಲ್ಲ. ಹೋಗೂಕಿಂತ ಮೊದ್ಲ ಒಂದ್ಸಲ ಕೇಳಿ ಹೋಗ್ತೇನಿ. ಬೈದಿದ್ರೂ ನಡೀತದ.”

ನನ್ನ ಬಾಯಿ ನನಗಿಂತ ಮೊದಲು ಓಡಿತು. “ಸೊನ್ನದ ಕ್ಯಾಸೆಟ್ ಇನ್ನಾ ಬಂದಿಲ್ರಿ. ಬಂದ ಕೂಡ್ಲೆ ಹೇಳಿ ಕಳಸ್ತೇನಿ.”

ಅವನು ಹೋದ ಮೇಲೆ ಕಾಕಾ ಕ್ಯಾಸೆಟ್ಟಿನ ಸಾಲು ನೋಡಿದರು. ಎಣಿಸುವುದು ಬೇಕಿರಲಿಲ್ಲ.

“ಬಂದಿದ್ದಿಲ್ಲೇನು?”

“ಬಂದಿತ್ರಿ.”

“ಪೂರಾ ಕೇಳಿದೇನು?”

“ಐದು ನಿಮಿಷ ಕೇಳಿನ್ರಿ. ಏನೂ ಇದ್ದಿದ್ದಿಲ್ಲ. ಅದಕ್ಕ…”

“ಅಳಿಸಿದಿ.”

ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೀಡಿಯನ್ನು ಒಂದು ಬೆರಳಿನಿಂದ ಇನ್ನೊಂದಕ್ಕೆ ದಾಟಿಸುತ್ತ ಕೂತರು. ನಾನೇ ಉಪಾಯ ತೆಗೆದೆ. “ಕಾಕಾ, ಅಣ್ಣ ಆದವ ಏನ್ ಅಂದಿರ್ತಾನ್ರಿ? ‘ಆಗಿದ್ದು ಆಯ್ತು, ಆರಾಮ ಇರು ತಮ್ಮಾ’ ಅಂದಿರ್ತಾನ. ದನಿ ತಗಿಯೋ ಮಂದಿ ನಮ್ಮ ಊರಾಗೂ ಅದಾರ. ಟೇಪ್‌ನ್ಯಾಗ ಮುದುಕರ ದನಿ ಎಲ್ಲಾ ಒಂದೇ. ಪಾಪ, ಆಪರೇಶನ್‌ಗಿ ಹೊಂಟವ, ಸಮಾಧಾನ ಆಗ್ತದ.”

ಈಗಲೂ ಹೇಳುತ್ತೇನೆ, ಇದರಲ್ಲಿ ನನಗೆ ಕೆಟ್ಟ ಬುದ್ಧಿಯಿರಲಿಲ್ಲ. ಒಡೆದದ್ದನ್ನು ಹೊರಗೆ ಕಾಣದಂತೆ ಬೆಸೆಯುವುದೇ ನನ್ನ ಕಸುಬಾಗಿತ್ತು.

ಕಾಕಾ ಎದ್ದರು. “ಆರೂ ಇಪ್ಪತ್ತಕ್ಕ ಅಫಜಲಪುರದ ಗಾಡಿ ಅದ. ನಾಳಿ ಜಲ್ದಿ ಏಳು.” ಆಮೇಲೆ ಆ ವಾರದ ಮಾತು ತುಂಬಲು ಕೂತರು. ಕೆಂಪು ಗುಂಡಿ ಒತ್ತಿದ ಕೂಡಲೇ ಬಂದ ಮೊದಲ ಮಾತು: “ಹೋದ ವಾರ ಒಬ್ಬ ಹಿರಿಯರು ನಮ್ಮ ಮ್ಯಾಲ ಭರೋಸಾ ಇಟ್ಟು ಮಾತಾಡಿದ್ರು. ಅದನ್ನ ನಾವು ಪೂರಾ ಕೇಳದೇ ಅಳಿಸೇವಿ. ತಪ್ಪು ನಮ್ಮದು. ಅವರ ಮನಿಗಿ ಹೊಂಟೇವಿ.”

ನಾನು ಟೇಪ್ ನಿಲ್ಲಿಸಿದೆ. “ಕಾಕಾ, ಇದನ್ನ ಊರ ಮಂದಿಗ್ಯಾಕ ಹೇಳ್ತೀರಿ? ಆ ಗುಲಬರ್ಗಾದವರು ಡಂಗುರ ಹೊಡೀತಾರ!”

“ಹೊಡೀಲಿ. ಅವರ ಎಕೋದಾಗ ಇನ್ನಾ ಚಲೋ ಕೇಳಸ್ತದ.”

ಗುರುವಾರ ಬೆಳಿಗ್ಗೆ ಕ್ಯಾಸೆಟ್ಟುಗಳೂ ನಾವೂ ಒಂದೇ ಬಸ್ಸಿನಲ್ಲಿ ಹೊರಟೆವು. ನಾನು ಹಟ ಹಿಡಿದು ಸಣ್ಣ ಟೇಪ್ ರೆಕಾರ್ಡರೊಂದನ್ನು ಕೈಚೀಲದಲ್ಲಿ ಹಾಕಿಕೊಂಡಿದ್ದೆ. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ; ಎಲ್ಲರೂ ಹಾಗೆ ಕರೆಯುತ್ತಿದ್ದ ಟೇಲರನ ಅಣ್ಣ ಇನ್ನೊಮ್ಮೆ ಹೇಳಿದರೆ ತುಂಬಿಕೊಳ್ಳಲು ಬೇಕಲ್ಲ. ಅಫಜಲಪುರದಲ್ಲಿ ಗಾಡಿ ಬದಲಿಸಿ ಸೊನ್ನದ ಹಾದಿಯ ಹೋಟೆಲಿನ ಮುಂದೆ ಇಳಿದೆವು. ಹೋಟೆಲಿನ ಚಾಚಾ ಕ್ಯಾಸೆಟ್ಟಿಗೆ ಕೈಚಾಚಿದರು. ಕಾಕಾ ಕೊಟ್ಟರು, ಆದರೆ ಬಿಡಲಿಲ್ಲ. “ನಾವು ಮುತ್ಯಾನ ಮನಿಗಿ ಹೋಗಿ ಬರೋತನಾ ಇದನ್ನ ಹಚ್ಚಬ್ಯಾಡ್ರಿ ಚಾಚಾ. ಅವರು ನಮ್ಮ ಬಾಯಿಂದ ಮೊದಲ ಕೇಳಬೇಕು.”

“ಏನಾಗೇದ ಕಾಕಾ? ಆ ದಿನ ಮುತ್ಯಾ ನನಗ ಹೊರಗ ನಿಂದ್ರಿಸಿ ಬಾಗಿಲಾ ಹಾಕ್ಕೊಂಡ. ಗಿರಾಕಿ ಬಂದ್ರೂ ತಗೀಲಿಲ್ಲ. ಹೊರಗ ಬಂದಾಗ ಮಾರಿ ನೋಡಬೇಕಿತ್ತು, ಜ್ವರ ಬಿಟ್ಟವನಂಗ ಆಗಿದ್ದ.”

ನಾನು ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಕಾಕಾರ ಹಿಂದೆ ನಡೆದೆ.

ಮುತ್ಯಾ ಮನೆಯ ಕಟ್ಟೆಯ ಮೇಲೆ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಎಪ್ಪತ್ತು ದಾಟಿದ ಬಡಕಲು ದೇಹ, ದೊಡ್ಡ ಅಂಗೈ. ಕಾಕಾ ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೇ ನಿಂತು ಹೇಳಿದರು: “ಮುತ್ಯಾ, ನೀವು ತಮ್ಮಗ ಹೇಳಿದ ಮಾತು ಅವಗ ಮುಟ್ಟಿಲ್ರಿ. ನಾವು ಅಳಿಸೇವಿ.”

ಹಗ್ಗ ನಿಂತಿತು. “ಯಾರ್ ಅಳಿಸಿದವರು?”

“ನನ್ನ ಕ್ಯಾಸೆಟ್, ನಾನೇ.”

ಸುಮ್ಮನಿದ್ದರೆ ನಾನು ಪಾರಾಗುತ್ತಿದ್ದೆ. ಬಾಳಿನಲ್ಲಿ ಲೆಕ್ಕ ಹಾಕದೆ ಆಡಿದ ಮಾತು ನನ್ನವು ಕಡಿಮೆ, ಅದೊಂದು ಅಂಥದ್ದು. “ಅಲ್ರಿ ಮುತ್ಯಾ, ನಾನು. ಅವರು ಊರಾಗ ಇದ್ದಿದ್ದಿಲ್ಲ. ನಾನೇ ಪೂರಾ ಕೇಳಲಿಲ್ಲ.”

ಮುತ್ಯಾ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ. “ಎಂಟು ವರ್ಷ ಬಾಯಾಗ ಇಟ್ಕೊಂಡಿದ್ದೆಲೇ ಅದನ್ನ. ನಿನಗ ಅರ್ಧ ತಾಸು ಕುಂದ್ರಾಕ ಆಗಲಿಲ್ಲೇನು?”

ನನ್ನ ನಾಲಿಗೆ ಸುಮ್ಮನಿರುವಂಥದ್ದಲ್ಲ. ಚೀಲದಿಂದ ಟೇಪ್ ತೆಗೆದೆ. “ಇನ್ನೊಮ್ಮೆ ಹೇಳ್ರಿ ಮುತ್ಯಾ. ಅಷ್ಟೂ ಬ್ಯಾಡ, ಅರ್ಧಾ ಹೇಳ್ರಿ. ಅರ್ಧಾನೂ ಬ್ಯಾಡ, ನಾಲ್ಕೇ ಮಾತು…”

“ಬಜಾರ ಹಚ್ಚೀದೇನಲೇ ಇಲ್ಲಿ!” ಎಂದು ಗುಡುಗಿದ. “ಆ ಡಬ್ಬಿಗಿ ಮತ್ತೊಮ್ಮೆ ಹೇಳಾಂಗಿಲ್ಲ. ಒಯ್ಯಿ ಅದನ್ನ.”

ಕಾಕಾ ನನ್ನ ಕೈಯ ಮೇಲೆ ಕೈಯಿಟ್ಟು ಟೇಪನ್ನು ಕೆಳಗಿಳಿಸಿದರು. ತಾವು ಕಟ್ಟೆಯ ಅಂಚಿಗೆ ಕೂತು ನಾರಿನ ಒಂದು ಎಳೆ ಹಿಡಿದುಕೊಂಡರು; ಹೊಸೆಯುವವನಿಗೆ ಇನ್ನೊಂದು ತುದಿ ಹಿಡಿಯುವ ಜೊತೆ ಬೇಕಲ್ಲ. ಹಗ್ಗ ಮತ್ತೆ ಓಡಿತು. ಮಾರುದ್ದ ಹಗ್ಗವಾದ ಮೇಲೆ ಮುತ್ಯಾ ತಾನಾಗಿಯೇ ಬಾಯಿ ಬಿಟ್ಟ.

“ನಮ್ಮಪ್ಪ ಸತ್ತ ಮ್ಯಾಲ ಅವನ ಲಗ್ನ ಮಾಡಿದವ ನಾನು. ಅವನ ಮಗಳ ಲಗ್ನಕ್ಕ ನನ್ನ ಮನಿತನಾ ಬಂದು, ಅಕ್ಷತಿ ಕೊಟ್ಟು ಕರೀಬೇಕಿತ್ತೋ ಇಲ್ಲೋ? ಕಾರ್ಡು ಕಂಡಕ್ಟರನ ಕೈಯಾಗ ಕೊಟ್ಟು ಕಳಿಸಿದಾ. ಬಸ್ಸಿನ ಕಿಟಕ್ಯಾಗಿಂದ ಒಗದು ಹೋದಾ ಅಂವ. ಹೋಟೆಲ್ ಮುಂದ ಧೂಳಾಗ ಬಿದ್ದಿತ್ತು ನನ್ನ ಮನಿ ಲಗ್ನ.”

ಕಾಕಾ ಎಳೆಯನ್ನು ಬಿಗಿಹಿಡಿದರು. “ಸೋಮವಾರ ಅವನ ಹೊಟ್ಟಿ ಆಪರೇಶನ್ ಅದ್ರಿ, ಸೊಲ್ಲಾಪುರದಾಗ,” ಎಂದರು. “ಇದನ್ನ ಹೇಳಿ ನಿಮ್ಮ ಬಾಯಿ ಬಿಡಸಾಕ ಬಂದಿಲ್ಲ. ನಿಮಗ ಗೊತ್ತಿರಬೇಕು, ಅಷ್ಟೇ.”

ಮುತ್ಯಾನ ಅಂಗೈ ಎರಡು ಸಲ ಉಜ್ಜಿ ನಿಂತಿತು. ಅವನು ನನ್ನ ಟೇಪನ್ನು ನೋಡಿದ, ದೂರದ ಹೋಟೆಲನ್ನು ನೋಡಿದ. “ನಾನೂ ಅವನಂಗೇ ಮಾಡಿನಲ್ಲ,” ಎಂದ, ಯಾರಿಗೆ ಹೇಳಿದನೋ. “ಮಾತು ಡಬ್ಬ್ಯಾಗ ತುಂಬಿ ಬಸ್ಸಿಗಿ ಹಾಕಿ ಕಳಿಸಿನಿ. ಧೂಳಾಗ ಬಿತ್ತು.” ಎದ್ದ. “ಗಾಡಿ ಎಷ್ಟಕ್ಕ ಅದ?”

“ಹನ್ನೊಂದೂ ಹತ್ತು,” ಎಂದರು ಕಾಕಾ. ಆ ಒಂದು ಸಮಯ ಹೇಳುವಾಗ ಅವರ ದನಿ ನಡುಗಿತು. ಬಸ್ಸಿನ ಹೊತ್ತು ಹೇಳುವಾಗ ಅವರು ನಡುಗಿದ್ದನ್ನು ನಾನು ಇನ್ನೊಮ್ಮೆ ಕೇಳಿಲ್ಲ.

ಮುತ್ಯಾ ಒಳಗೆ ಹೋಗಿ ಬಿಳಿ ರುಮಾಲು ಸುತ್ತಿಕೊಂಡು ಬಂದ. ಅಫಜಲಪುರದಲ್ಲಿ ಜೇವರ್ಗಿಯ ಗಾಡಿ ತಡವಾಗಿತ್ತು. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನವನು ಗುಲಬರ್ಗಾದ ಕ್ಯಾಸೆಟ್ಟಿಗೆ ವಾಲಿದ್ದ ನಾಲ್ವರಲ್ಲಿ ಒಬ್ಬ. ಆದರೆ ಅವತ್ತು, ಬೆಳಿಗ್ಗೆ ನಾವು ಕೊಟ್ಟು ಹೋಗಿದ್ದ ಕ್ಯಾಸೆಟ್ಟಿನಿಂದ, ಅಲ್ಲಿ ಕೇಳಿಸುತ್ತಿದ್ದದ್ದು ಕಾಕಾರ ದನಿ. ಚಹಾ ಕುಡಿಯುವವರು ಒಳಗೆ ಹಿಡಿಸದೆ ರಸ್ತೆಗೆ ಬಂದಿದ್ದರು.

“ತಾನೇ ಅಳಿಸೇನಿ ಅಂತ ಒಪ್ಕೊಂಡಾನಲ್ಲೋ ಮುದುಕ! ಯಾರ್ ಕೇಳಿದ್ರು ಅವಗ?”

“ಅದಕ್ಕೇ ನಾ ಅವನ ಧಾರಣಿ ಕೇಳಿ ತೊಗರಿ ಮಾರೋದು.”

“ಸುಮ್ಮ ಕುಂದರ್ರೋ, ಮುಂದಿಂದು ಕೇಳಸಲಿ!”

ಹೋಟೆಲಿನವನು ನನ್ನನ್ನು ಕಂಡು ಕೌಂಟರು ಬಿಟ್ಟು ಬಂದ. “ಅಣ್ಣಾ, ಮುಂದಿನ ವಾರದ್ದು ತಪ್ಪಸಬ್ಯಾಡ್ರಿ. ಖಾಲಿ ಮಗ್ಗಲಿಗಿ ಮಾತಾಡಾಕ ಆರು ಮಂದಿ ಪಾಳಿ ಹಚ್ಯಾರ.” ಕಾಕಾ ಬೇಡವೆಂದರೂ ಎಕೋ ಮಶೀನು ಕಟ್ಟಲು ಗುಟ್ಟಾಗಿ ತಂತಿ ಜೋಡಿಸುತ್ತಿದ್ದ ನಾನು, “ತಪ್ಪಸಾಂಗಿಲ್ರಿ” ಎಂದೆ. ಯಾರೂ ಮಾಡಲಾಗದ್ದನ್ನು ಮಾಡಿ ಕಾಕಾ ಬೇರೆಯಾಗಿ ಕಂಡಿರಲಿಲ್ಲ. ಯಾರು ಬೇಕಾದರೂ ಮಾಡಬಹುದಿತ್ತು, ಆದರೆ ಯಾರೂ ಮಾಡುತ್ತಿರಲಿಲ್ಲ, ಅಷ್ಟೇ.

ಮುತ್ಯಾ ಕಿವಿಗೊಟ್ಟು ನಿಂತಿದ್ದ. “ಇದು ನಿನ್ನ ದನಿ ಏನು?”

“ಹೌದ್ರಿ.”

“ಹಂಚಿನ ಮ್ಯಾಲ ಉಗುರು ಎಳದಂಗ ಅದ.”

“ಎಲ್ಲಾರೂ ಹಂಗೇ ಅಂತಾರ್ರಿ.”

ಮುತ್ಯಾನ ಮೀಸೆ ಮೊದಲ ಸಲ ಅಲುಗಿತು.

ಜೇವರ್ಗಿಯಲ್ಲಿ ಇಳಿದು ಬಜಾರಕ್ಕೆ ನಡೆದೆವು. ಟೇಲರ್ ಕೆಲಸ ಬಿಟ್ಟಿರಲಿಲ್ಲ. ಸೋಮವಾರಕ್ಕೆ ಮೊದಲು ಕೊಡಬೇಕಾದ ಅಂಗಿಗಳಿದ್ದವು. ಮಶೀನಿನ ಮುಂದೆ ಬಗ್ಗಿ ಕೂತಿದ್ದ. ಹೊಸ್ತಿಲ ಮೇಲೆ ನೆರಳು ಬಿದ್ದದ್ದಕ್ಕೆ ತಲೆಯೆತ್ತಿದ. ಕಾಲು ತುಳಿಯುವುದನ್ನು ನಿಲ್ಲಿಸಿತು, ಗಾಲಿ ತಾನೇ ಎರಡು ಸುತ್ತು ತಿರುಗಿ ನಿಂತಿತು.

ಆಮೇಲೆ ಮುತ್ಯಾ ಕೇಳಿದ: “ಎಲ್ಲಿ ಬ್ಯಾನಿ?”

ಟೇಲರ್ ಅಂಗಿ ಎತ್ತಿ, ಬಲ ಪಕ್ಕೆಯ ಕೆಳಗೆ ಕೈಯಿಟ್ಟು ತೋರಿಸಿದ, ಸಣ್ಣವರು ತೋರಿಸುವ ಹಾಗೆ.

ನನ್ನ ಕೈ ಚೀಲದೊಳಗೆ ಇಳಿದಿತ್ತು. ಎಂಟು ವರ್ಷದ ಮೇಲೆ ಅಣ್ಣ ತಮ್ಮ ಆಡುವ ಮೊದಲ ಮಾತು. ಇದಕ್ಕಿಂತ ದೊಡ್ಡ ಕ್ಯಾಸೆಟ್ಟು ಇನ್ನೊಂದು ಬರಲಾರದು. ಇದೊಂದಿದ್ದರೆ ಗುಲಬರ್ಗಾದವರು ಅಂಗಡಿ ಮುಚ್ಚಿಕೊಳ್ಳುತ್ತಾರೆ. ಕೆಂಪು ಗುಂಡಿ ಒತ್ತಿದೆ. ಕಾಕಾರ ಕೈ ನನ್ನ ಹಿಂದೆಯೇ ಚೀಲಕ್ಕೆ ಬಂತು. ನಿಲ್ಲಿಸುವ ಗುಂಡಿ ಟಕ್ಕೆಂದಿತು. “ಇದು ನಮ್ಮದಲ್ಲ,” ಎಂದು ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದು, ಅಂಗಡಿಯ ಪರದೆ ಎಳೆದರು.

ಆಪರೇಶನ್ ಚೆನ್ನಾಗಿಯೇ ಆಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಸೊಲ್ಲಾಪುರದ ಬಸ್ಸಿಗೆ ಇಬ್ಬರೂ ಕೂಡಿ ಹತ್ತಿದರು, ಇಬ್ಬರೂ ಕೂಡಿ ಇಳಿದರು. ಆದರೆ ನನಗೆ ಉಸಿರು ಸರಿಯಾಗಿ ಬಂದದ್ದು ಆ ಗುರುವಾರ, ಆ ಪರದೆಯ ಹೊರಗೆ. ಮೊದಲು ಒಳಗಿನಿಂದ ಏನೂ ಕೇಳಿಸಲಿಲ್ಲ. ಕಾಕಾ ಕಣ್ಣು ಮುಚ್ಚಿ ಗೋಡೆಗೊರಗಿ ನಿಂತಿದ್ದರು. ನಾನೂ ನಿಂತೆ. ಅಷ್ಟರಲ್ಲಿ ಮುತ್ಯಾನ ದನಿ ಏರಿತು: “ಕಿಟಕ್ಯಾಗಿಂದ ಒಗದಾನಲೇ ಅಂವ, ಕಿಟಕ್ಯಾಗಿಂದ!” ಅದಕ್ಕಿಂತ ಮೇಲೆ ಟೇಲರನದು: “ನಾ ಏನ್ ಒಗಿ ಅಂತ ಹೇಳಿ ಕಳಿಸಿದ್ನೇನಣ್ಣಾ? ಲಗ್ನದ ಅಂಗಿ ಹೊಲಿಯೋದು ನಲವತ್ತು ಬಿದ್ದಿದ್ವು ನನ್ನ ಮುಂದ!” “ನನಗಿಂತ ಅಂಗಿ ಹೆಚ್ಚಾದ್ವೇನು ನಿನಗ?” “ನೀ ಬರಬೇಕಿತ್ತು, ಬಂದು ನಾಲ್ಕು ಬಾರಿಸಬೇಕಿತ್ತು!” ಬಜಾರದ ಮಂದಿ ತಿರುಗಿ ನೋಡತೊಡಗಿದರು. ನಾನು ಹೆದರಿ ಪರದೆಗೆ ಕೈ ಹಾಕಿದೆ.

ಕಾಕಾ ಕಣ್ಣು ತೆರೆದು ಬೀಡಿ ಹೊತ್ತಿಸಿದರು. “ಬಿಡೋ, ಜಗಳಾಡಾಕತ್ತಾರ,” ಎಂದರು. “ಇನ್ನ ಚಿಂತಿಲ್ಲ.”